ಬರೆದುಕೊಳ್ಳದ ರಜೆ

ಸುಶೀಲಾಬಾಯಿ ನನಗೆ ಹೇಳಿದ್ದರು. ಮೂರು ಸಲ ಹೇಳಿದ್ದರು, ಮೂರು ಸಲವೂ ನಾನು ಸರಿಯಾಗಿ ಕೇಳಿಸಿಕೊಂಡಿದ್ದೆ. ಆಮೇಲೆ ಅರವತ್ತು ಜನರ ಎದುರು ಎದ್ದು ನಿಂತು, "ಇವರು ನನಗೆ ಏನೂ ಹೇಳಿಲ್ಲ" ಎಂದೆ.

ಇದನ್ನು ಓದುವವರಲ್ಲಿ ಕೆಲವರು ಆ ದಿನ ಅಲ್ಲಿದ್ದಿರಿ. ಒಂದಿಬ್ಬರು ನಕ್ಕಿದ್ದೂ ನನಗೆ ನೆನಪಿದೆ. ನಿಮ್ಮ ಮೇಲೆ ಏನೂ ಹೊರಿಸುತ್ತಿಲ್ಲ. ನಗುವುದಕ್ಕೆ ಅವಕಾಶ ಮಾಡಿಕೊಟ್ಟವನು ನಾನೇ.

ತೊಂಬತ್ತರ ದಶಕದ ಮಧ್ಯಭಾಗ. ಆಗ ನಾನು ವಡೋದರದಲ್ಲಿ ವಿಮಾ ಕಚೇರಿಯೊಂದರಲ್ಲಿದ್ದೆ, ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದೆ. ಸಂಘವೆಂದರೆ ಮಕರಪುರದ ಕಡೆಗೆ, ಒಂದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಬ್ಯಾಂಕು, ರೈಲ್ವೆ, ವಿಮೆ, ಕೇಂದ್ರ ಸರ್ಕಾರದ ಕಚೇರಿಗಳಿಗೆ ವರ್ಗವಾಗಿ ಬಂದ ಸಂಸಾರಗಳು ಅದರ ಸದಸ್ಯರು. ಅರ್ಧ ಜನ ಧಾರವಾಡದ ಕಡೆಯವರು, ಅರ್ಧ ಜನ ನಮ್ಮ ಮೈಸೂರಿನ ಕಡೆಯವರು. ಕೋಸಂಬರಿಗೆ ಸಕ್ಕರೆ ಹಾಕಬೇಕೇ ಬೇಡವೇ ಎಂಬುದಕ್ಕೂ ಎರಡು ಪಕ್ಷವಾಗುತ್ತಿತ್ತು. ನಾನು ಯಾವ ಪಕ್ಷವೂ ಅಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ನನ್ನದು ಗಡಿಯಾರದ ಪಕ್ಷ.

ನಾನು ಓದಿದ್ದು ಮೈಸೂರಿನ ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಬೆಳಗ್ಗೆ ಐದಕ್ಕೆ ಒಂದು ಗಂಟೆ ಬಾರಿಸುತ್ತಿದ್ದರು, ಊಟಕ್ಕೆ ಒಂದು ಗಂಟೆ. ಗಂಟೆ ನಿಂತ ಮೇಲೆ ಬಂದವನಿಗೆ ತಟ್ಟೆ ಹಾಕುತ್ತಿರಲಿಲ್ಲ. ನಾನು ಒಂದೇ ಒಂದು ಸಲ ತಡವಾಗಿ ಹೋಗಿ ಉಪವಾಸ ಮಲಗಿದೆ, ಆಮೇಲೆ ಜನ್ಮದಲ್ಲಿ ತಡ ಮಾಡಲಿಲ್ಲ. ಆ ಉಪವಾಸದಿಂದ ನನಗೆ ಒಳ್ಳೆಯದಾಯಿತು ಎಂದು ನಂಬಿದ್ದೆ. ಒಳ್ಳೆಯದಾಯಿತೋ ಏನೋ — ಇರಲಿ. ಇದನ್ನು ಹೇಳುವುದು ನಾನು ಎಂಥವನು ಎಂದು ತಿಳಿಯಲಿ ಎಂದಷ್ಟೆ. ಆ ವಿದ್ಯಾರ್ಥಿನಿಲಯದಲ್ಲಿ ಕಲಿತ ನೂರು ಹುಡುಗರಲ್ಲಿ ಮಿಕ್ಕವರು ಯಾರೂ ನಾನು ಮಾಡಿದ್ದನ್ನು ಮಾಡಿರಲಾರರು.

ಸುಶೀಲಾಬಾಯಿ ಗದಗಿನ ಕಡೆಯವರು. ಗಂಡ ವಾಮನರಾಯರು ರೈಲ್ವೆಯ ಕಾನೂನು ವಿಭಾಗದಲ್ಲಿದ್ದು ನಿವೃತ್ತರಾದವರು. ಮಕ್ಕಳಿಲ್ಲ. ಸಂಘದ ಭಾನುವಾರದ ಕನ್ನಡ ತರಗತಿಯನ್ನು ಶುರು ಮಾಡಿದವರು ಅವರು. ಮೊದಲು ತಮ್ಮ ಮನೆಯ ಜಗುಲಿಯಲ್ಲಿ ನಾಲ್ಕು ಮಕ್ಕಳಿಗೆ, ಆಮೇಲೆ ಸಂಘದ ಒಳಕೋಣೆಯಲ್ಲಿ ಇಪ್ಪತ್ತೆರಡು ಮಕ್ಕಳಿಗೆ. ಆ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಗುಜರಾತಿ, ಟೀವಿ ಮುಂದೆ ಹಿಂದಿ. ಕನ್ನಡ ಅವಕ್ಕೆ ಅಜ್ಜಿಯ ಇನ್‌ಲ್ಯಾಂಡ್ ಪತ್ರದ ಭಾಷೆ. ಕಿಟಕಿಯಿಂದ ಹೊರಗೆ ನೋಡುತ್ತ ಒಂದು ಹುಡುಗಿ, "ಟೀಚರ್, ಕಾಗೆ ಊಡೀ ಗಯೀ!" ಎಂದರೆ ಈಕೆ ತಿದ್ದುತ್ತಿರಲಿಲ್ಲ. "ಗಯೀ? ಎಲ್ಲಿಗೆ ಗಯೀ? ಯಾರ ಮನಿಗೆ ಊಟಕ್ಕ ಗಯೀ?" ಎಂದು ಕಥೆ ಕಟ್ಟುತ್ತಿದ್ದರು. ಹತ್ತು ನಿಮಿಷದಲ್ಲಿ ಅದೇ ಹುಡುಗಿ "ಹಾರಿಹೋಯ್ತು" ಎನ್ನುತ್ತಿತ್ತು. ನಾನು ಪಕ್ಕದ ಕೋಣೆಯಲ್ಲಿ ಕೂತು ಇದನ್ನು ಕೇಳುತ್ತಿದ್ದೆ. ಹಾಜರಿ ಪುಸ್ತಕವಿಲ್ಲ. ಪಠ್ಯಕ್ರಮವಿಲ್ಲ. ಪರೀಕ್ಷೆ ಎಂದರೆ ಈಕೆ ಕೈ ಆಡಿಸಿಬಿಡುತ್ತಿದ್ದರು. ಮಕ್ಕಳು ಮಾತ್ರ ವಾರದಿಂದ ವಾರಕ್ಕೆ ಬರುತ್ತಿದ್ದವು — ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಇಲ್ಲ, ಬಿದ್ದಿತ್ತು. ಅದೇ ನನ್ನನ್ನು ಹೆಚ್ಚು ಚುಚ್ಚಿದ್ದು.

ಒಂದು ರಾಜ್ಯೋತ್ಸವದಲ್ಲಿ ಆಕೆಯ ಮಕ್ಕಳು ಕಿರುನಾಟಕ ಮಾಡಿದವು. ಅದರಲ್ಲಿ ಏಳು ವರ್ಷದ ಒಂದು ಹುಡುಗಿ ನನ್ನದರಂಥ ದೊಡ್ಡ ಕನ್ನಡಕ ಹಾಕಿಕೊಂಡು, ಕೈಯಲ್ಲಿ ಗಂಟೆ ಹಿಡಿದು ಬಂದು, "ಐದೂವರೆ ಅಂದ್ರೆ ಐದೂವರೆ! ಐದೂ ಮೂವತ್ತೊಂದು ಅಂದ್ರೆ ನಾಳೆ!" ಎಂದಿತು. ಸಭೆಯೆಲ್ಲ ನಕ್ಕಿತು. ನನ್ನ ಹೆಂಡತಿ ಪದ್ಮ ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಕಾರ್ಯಕ್ರಮ ಮುಗಿದ ಮೇಲೆ ಸುಶೀಲಾಬಾಯಿ ಬಂದು, "ಸಿಟ್ಟ ಬಂತೇನ್ರೀ ರಾಯರ? ಹುಡುಗ್ರಿಗೆ ನೀವಂದ್ರ ಭಾಳ ಪ್ರೀತಿ, ಅದಕ್ಕ" ಎಂದರು.

"ಛೇ ಛೇ, ಸಿಟ್ಟ್ಯಾಕೆ" ಎಂದೆ.

ಒಂದು ನಗು. ಅಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣವನ್ನು ಎಷ್ಟೋ ವರ್ಷ ಹುಡುಕಿದ್ದೇನೆ. ಶಿಸ್ತು, ಸಂಘದ ಹಿತ, ಮಕ್ಕಳ ಭವಿಷ್ಯ ಎಂದೆಲ್ಲ — ಸಿಕ್ಕಿಲ್ಲ.

ಈಗ ಸಂಘದ ನಿಯಮವೊಂದನ್ನು ಹೇಳಬೇಕು. ಕಾರ್ಯಕಾರಿ ಸಮಿತಿಯ ಸದಸ್ಯರು ಮುಂಚಿತವಾಗಿ ತಿಳಿಸದೆ ಸತತವಾಗಿ ಮೂರು ಸಭೆಗಳಿಗೆ ಬಾರದಿದ್ದರೆ ಅವರ ಸ್ಥಾನ ತೆರವಾದಂತೆ. ಸಮಿತಿಯಲ್ಲಿ ಇಲ್ಲದವರು ಸಂಘದ ಯಾವ ಚಟುವಟಿಕೆಯನ್ನೂ ನಡೆಸುವಂತಿಲ್ಲ. ತರಗತಿ ನಡೆಸುತ್ತಿದ್ದ ಸುಶೀಲಾಬಾಯಿಯೂ ಸಮಿತಿಯಲ್ಲಿದ್ದರು. ಈ ನಿಯಮಾವಳಿಯ ಕರಡು ಬರೆದವರು ವಾಮನರಾಯರೇ. "ತಿಳಿಸದೆ" ಎಂದಿರುವ ಕಡೆ "ಲಿಖಿತವಾಗಿ ತಿಳಿಸದೆ" ಎಂದು ಸೇರಿಸಿ ಎಂದು ನಾನು ಆಗಲೇ ಹಟ ಹಿಡಿದಿದ್ದೆ. "ನಾವೇನು ಕೋರ್ಟು ನಡಸ್ತೀವೇನ್ರಿ? ನಮ್ಮ ಮಂದಿ, ನಮ್ಮ ಮಾತು. ಬಾಯಿಲೆ ಹೇಳಿದ್ರ ಸಾಕು" ಎಂದು ಅವರು ಒಪ್ಪಲಿಲ್ಲ. ಹಾಗೆಯೇ ನಡೆದುಕೊಂಡೂ ಬಂದಿತ್ತು. ಮೆಟ್ಟಿಲ ಮೇಲೆ ಸಿಕ್ಕಾಗಲೋ ತರಕಾರಿ ಕೊಳ್ಳುವಾಗಲೋ, "ಈ ಸಲ ಬರಕ್ಕಾಗಲ್ಲ" ಎಂದರೆ ಆಯಿತು. ಸಭೆಯ ದಿನ ನಾನು ನಡಾವಳಿ ಪುಸ್ತಕದಲ್ಲಿ "ಶ್ರೀ ಇಂಥವರು ರಜೆ ಕೋರಿದ್ದು, ಮಂಜೂರು ಮಾಡಲಾಯಿತು" ಎಂದು ಬರೆಯುತ್ತಿದ್ದೆ. ಎಲ್ಲರದನ್ನೂ ಬರೆಯುತ್ತಿದ್ದೆ.

ಆ ನಾಟಕದ ಮರುವರ್ಷ ಮೇ ತಿಂಗಳಲ್ಲಿ ವಾಮನರಾಯರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಹೋಯಿತು. ಮಾತು ಪೂರ್ತಿ ಹೋಯಿತು. ಕಣ್ಣಿಗೆ ಎಲ್ಲ ತಿಳಿಯುತ್ತಿತ್ತು, ಬಾಯಿಂದ ಒಂದು ಸ್ವರವಷ್ಟೇ ಹೊರಡುತ್ತಿತ್ತು. ಅದೇ ಸುಮಾರಿಗೆ ನಾನು ಸಮಿತಿಯ ಸಭೆಯನ್ನು ಭಾನುವಾರದಿಂದ ತಿಂಗಳ ಮೊದಲ ಶನಿವಾರ ಸಂಜೆ ಆರಕ್ಕೆ ಬದಲಿಸಿದ್ದೆ. ಆ ಬದಲಾವಣೆಯಲ್ಲಿ ಕೇಡು ಇರಲಿಲ್ಲ. ಕೇಡು ಆಮೇಲೆ ಬಂತು.

ಮೊದಲ ಸಲ ಅವರು ಹೇಳಿದ್ದು ಸಂಘದ ಮೆಟ್ಟಿಲ ಮೇಲೆ. "ರಾಯರ, ಶನಿವಾರ ಸಂಜೀಕೆ ನಂಗ ಬರ್ಲಿಕ್ಕೆ ಆಗಂಗಿಲ್ರಿ. ಆರಕ್ಕ ಮಾಲೀಷು ಮಾಡಾಂವ ಬರ್ತಾನ. ಇವರನ್ನ ಎತ್ತಿ ಹಿಡೀಲಿಕ್ಕೆ ನಾನೇ ಬೇಕು. ರಜಾ ಅಂತ ಬರಕೊಂಡ್ಬಿಡ್ರಿ."

"ಆಗಲಿ" ಎಂದೆ. ಸಭೆಯಲ್ಲಿ ಪೆನ್ನು ಹಿಡಿದಾಗ — ಇದನ್ನು ಸರಿಯಾಗಿ ನೆನೆಯಲು ಯತ್ನಿಸುತ್ತೇನೆ — ಅವರು ಹೇಳಿದ್ದು ನನಗೆ ಮರೆತಿರಲಿಲ್ಲ. ಅದೇ ಪುಟದಲ್ಲಿ ಬ್ಯಾಂಕಿನ ಒಬ್ಬರ ಹೆಸರು ಬರೆದು "ರಜೆ ಮಂಜೂರು" ಎಂದು ಬರೆದೆ. ಅವರೂ ಮೆಟ್ಟಿಲ ಮೇಲೆಯೇ ಹೇಳಿದ್ದು. ಕೆಳಗಿನ ಸಾಲಿನಲ್ಲಿ "ಶ್ರೀಮತಿ ಸುಶೀಲಾಬಾಯಿ ಗೈರುಹಾಜರು" ಎಂದು ಬರೆದೆ. ಒಂದು ಸಲ ಗೈರು ಎಂದು ಬರೆದರೆ ಏನಾಗುತ್ತದೆ, ನೋಡೋಣ ಎಂಬಂತೆ. ಕಾಲ್ಬೆರಳಿಂದ ನೀರು ಮುಟ್ಟಿ ನೋಡಿದಂತೆ.

ಎರಡನೆಯ ಸಲ ಅವರ ಮನೆಯಲ್ಲೇ. ನಾನು ವಾಮನರಾಯರನ್ನು ನೋಡಿಕೊಂಡು ಬರಲು ಹೋಗಿದ್ದೆ. ಅವರು ದಿಂಬಿಗೆ ಒರಗಿ ಕೂತಿದ್ದರು. ಸುಶೀಲಾಬಾಯಿ ಚಹಾ ಕೊಟ್ಟು, ಗಂಡನ ಗಲ್ಲ ಒರೆಸುತ್ತ, "ಈ ಸಲನೂ ಸಭಾಕ್ಕ ಆಗಂಗಿಲ್ರಿ, ರಜಾ ಬರಕೋರಿ. ಆದ್ರ ಭಾನುವಾರದ ಕ್ಲಾಸು ಮಾತ್ರ ಬಿಡಂಗಿಲ್ಲ. ಬಾಜೂ ಮನಿ ಕೋಕಿಲಾಬೆನ್ ಎರಡು ತಾಸು ಇವರ ಹತ್ರ ಕೂಡ್ತಾರ. ವಾರದಾಗ ಆ ಎರಡು ತಾಸು ಅದ ನೋಡ್ರಿ, ಅದರಾಗ ನಾ ಉಸುರಾಡ್ತೀನಿ" ಎಂದರು.

"ಬರ್ಕೋತೀನಿ ಬಿಡಿ" ಎಂದೆ. ವಾಮನರಾಯರು ನನ್ನನ್ನೇ ನೋಡುತ್ತಿದ್ದರು.

ಆ ಎರಡು ಗಂಟೆಯ ವಿಷಯ ತಿಳಿಯುವ ಮೊದಲು ಮಾಡಿದ್ದನ್ನು ಹುಡುಗಾಟ ಎನ್ನಬಹುದಾಗಿತ್ತೇನೋ. ತಿಳಿದ ಮೇಲೆ ಮಾಡಿದ್ದಕ್ಕೆ ಆ ಹೆಸರಿಲ್ಲ. ನಾಲ್ಕು ದಿನ ಬಿಟ್ಟು ಶನಿವಾರ ಮತ್ತೆ "ಗೈರುಹಾಜರು" ಎಂದೇ ಬರೆದೆ. ಹಿಂದಿನ ಸಭೆಯ ನಡಾವಳಿಯನ್ನು ಓದಿದೆ. ಎಲ್ಲರೂ ಒಪ್ಪಿದರು. ಅದು ತಪ್ಪು ಎಂದು ಹೇಳಬಲ್ಲ ಒಬ್ಬರೇ ಒಬ್ಬರು ಆ ಹೊತ್ತಿಗೆ ಗಂಡನ ತೋಳು ಎತ್ತಿ ಹಿಡಿದು ನಿಂತಿದ್ದರು.

ಮೂರನೆಯ ಸಲ ಫೋನು ಮಾಡಿದರು. ತೆಗೆದುಕೊಂಡವಳು ಪದ್ಮ. ನಾನು ಸ್ನಾನಕ್ಕೆ ಹೋಗಿದ್ದೆ. ಬಂದ ಮೇಲೆ, "ಸುಶೀಲಾಬಾಯಿ ಫೋನ್ ಮಾಡಿದ್ರು. ಶನಿವಾರ ಬರಕ್ಕಾಗಲ್ವಂತೆ, ರಜೆ ಬರ್ಕೊಳ್ಳಿ ಅಂದ್ರು" ಎಂದಳು. "ಹ್ಞೂಂ" ಎಂದು ತಲೆ ಒರೆಸಿಕೊಂಡೆ.

ಮೂರನೆಯ ಸಭೆ ಆದ ಮರುದಿನ ಭಾನುವಾರ. ಮೂರನೆಯ ಸಲವೂ ಗೈರುಹಾಜರು ಎಂದೇ ಬರೆದು, ಅವರಿಗೊಂದು ಪತ್ರ ಸಿದ್ಧ ಮಾಡಿದ್ದೆ. ಅದನ್ನು ಅಂಚೆಗೆ ಹಾಕಬಹುದಾಗಿತ್ತು, ಮನೆಗೆ ಕಳಿಸಬಹುದಾಗಿತ್ತು. ನಾನು ತರಗತಿ ಶುರುವಾಗುವವರೆಗೂ ಕಾದಿದ್ದು, ಮಕ್ಕಳೆಲ್ಲ ಬಂದು ಕೂತ ಮೇಲೆ ಒಳಗೆ ಹೋಗಿ ಕೈಗೆ ಕೊಟ್ಟೆ. ಅವರು ಒಂದು ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಓದಿದರು. ಸ್ಥಾನ ತೆರವಾಗಿದೆ, ಇಂದಿನಿಂದ ತರಗತಿಯ ಹೊಣೆ ಕಾರ್ಯದರ್ಶಿಗಳದು. ಎರಡೇ ಸಾಲು.

"ಇದೇನ್ರೀ ರಾಯರ, ಚ್ಯಾಷ್ಟಿ ಮಾಡ್ತೀರೇನು?" ಎಂದು ನಗಲು ನೋಡಿದರು.

"ಚೇಷ್ಟೆ ನನಗೆ ಬರೋದಿಲ್ಲ. ಅದು ನಿಮಗೆ ಬರುತ್ತೆ. ನಾಟಕದಲ್ಲಿ ನೋಡಿದೀನಲ್ಲ" ಎಂದೆ. "ಬೀರುವಿನ ಕೀಲಿ ಕೊಡಿ."

ಅವರಿಗೆ ಆಗ ಎಲ್ಲ ಅರ್ಥವಾಯಿತು. ಅರ್ಥವಾಗುವುದನ್ನು ನಾನು ನಿಂತು ನೋಡಿದೆ. ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿ ಬಿಚ್ಚಿ ಕೊಟ್ಟರು. ಸೀಮೆಸುಣ್ಣವನ್ನೂ ಕೊಟ್ಟರು. "ಟೀಚರ್, ಎಲ್ಲಿ ಹೋಗ್ತೀರಿ?" ಎಂದು ಒಂದು ಮಗು ಕೇಳಿತು. "ಮನಿಗೆ, ಕಂದಾ. ಇವರು ಕಲಸ್ತಾರ ಇನ್ನ, ಛಲೋ ಕಲಸ್ತಾರ" ಎಂದು ಹೇಳಿ ಚಪ್ಪಲಿ ಮೆಟ್ಟಿ ಇಳಿದರು. ನಾನು ಬೋರ್ಡು ಒರೆಸಿ, ಹೊಸ ಹಾಜರಿ ಪುಸ್ತಕ ತೆರೆದು ಹೆಸರು ಕೂಗಲು ತೊಡಗಿದೆ. ನನಗೆ ಸಂತೋಷವಾಗಿತ್ತು. ಇದನ್ನು ಬರೆಯದಿದ್ದರೆ ಮಿಕ್ಕಿದ್ದೆಲ್ಲ ಬರೆದೂ ಪ್ರಯೋಜನವಿಲ್ಲ — ನನಗೆ ಆ ಬೆಳಗ್ಗೆ ತುಂಬ ಸಂತೋಷವಾಗಿತ್ತು.

ವಾರ್ಷಿಕ ಸರ್ವಸದಸ್ಯರ ಸಭೆಗೆ ಅವರು ಬಂದರು. ಕೋಕಿಲಾಬೆನ್ನರನ್ನು ಗಂಡನ ಹತ್ತಿರ ಕೂರಿಸಿ ಬಂದಿದ್ದರು. ಅಧ್ಯಕ್ಷರು ಬ್ಯಾಂಕಿನ ಮ್ಯಾನೇಜರು, ವರ್ಗದ ಆದೇಶ ಕೈಗೆ ಬಂದಿದ್ದವರು, ಬೇಗ ಮುಗಿದರೆ ಸಾಕು ಎನ್ನುವಂತಿದ್ದರು. ನಾನು ಮೂರು ನಡಾವಳಿಗಳಿಂದ ಮೂರು ಸಾಲನ್ನು ಮಾತ್ರ ಓದಿದೆ. ಅವುಗಳ ಮೇಲಿನ ಸಾಲುಗಳನ್ನು ಓದಲಿಲ್ಲ. ಪುಸ್ತಕ ಕೊಡಿ ನೋಡೋಣ ಎಂದು ಯಾರೂ ಕೇಳಲಿಲ್ಲ.

ಸುಶೀಲಾಬಾಯಿ ಎದ್ದರು. "ನಾ ಹೇಳೀನಿ. ಮೂರೂ ಸಲ ಹೇಳೀನಿ. ರಾಯರನ್ನೇ ಕೇಳ್ರಿ, ಅವರು ಇಲ್ಲ ಅನ್ನಂಗಿಲ್ಲ."

ಅವರು ನನ್ನನ್ನೇ ಸಾಕ್ಷಿಗೆ ಕರೆದರು. ಅಷ್ಟು ನಂಬಿಕೆಯಿತ್ತು.

"ಏನ್ ರಾಯರೇ?" ಎಂದರು ಅಧ್ಯಕ್ಷರು.

"ಇವರು ನನಗೆ ಏನೂ ಹೇಳಿಲ್ಲ. ಹೇಳಿದ್ದರೆ ಪುಸ್ತಕದಲ್ಲಿ ಇರುತ್ತಿತ್ತು."

ಸಭೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ನಿಮಿಷಕ್ಕೆ ನಿಮಿಷ ಲೆಕ್ಕವಿಡುವ ಮನುಷ್ಯ ಯಾಕೆ ಸುಳ್ಳು ಹೇಳುತ್ತಾನೆ? ಇಷ್ಟು ವರ್ಷದ ನನ್ನ ಶಿಸ್ತೆಲ್ಲ ಆ ಒಂದು ಕ್ಷಣದಲ್ಲಿ ನನ್ನ ಕೆಲಸಕ್ಕೆ ಬಂತು.

"ನಮ್ಮ ಮನ್ಯಾಗ ಕೂತು, ಚಹಾ ಕುಡಕೋತ ಹ್ಞೂಂ ಅಂದೀರಲ್ರಿ!" ಎಂದರು. "ನಮ್ಮನಿಯವರು ಅಲ್ಲೇ ಇದ್ರು. ಅವರ ಮುಂದನ ಹೇಳೀನಿ."

"ಸರಿ" ಎಂದೆ. "ಹಾಗಾದರೆ ವಾಮನರಾಯರನ್ನು ಕರೆಸಿ. ಅವರೇ ಬಂದು ಹೇಳಲಿ."

ಹಿಂದಿನ ಸಾಲಿನಿಂದ ಯಾರೋ, "ಸಾಕ್ಷಿ ಗೈರು, ಮುಂದಿನ ತಾರೀಖು!" ಎಂದರು. ಕಿಸಕ್ಕೆಂದು ಒಂದಿಬ್ಬರು ನಕ್ಕರು. ವಾಮನರಾಯರನ್ನು ಕರೆಸಿ ಎಂಬ ಮಾತನ್ನು ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆನೇ, ಆ ಗಳಿಗೆಯಲ್ಲಿ ಬಂತೇ — ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರ ಮನೆಯಲ್ಲಿ ಚಹಾ ಕುಡಿಯುವಾಗಲೇ, ಇದನ್ನು ಕೇಳಿಸಿಕೊಳ್ಳುತ್ತಿರುವ ವಾಮನರಾಯರು ಇನ್ನು ಮಾತಾಡಲಾರರು ಎಂದು ನನಗೆ ಹೊಳೆದಿತ್ತು. ಇಷ್ಟು ಮಾತ್ರ ಖಚಿತ.

ಅವರು ಹೆಂಗಸರ ಸಾಲಿನ ಕಡೆ ತಿರುಗಿದರು. "ಪದ್ಮಾ, ನೀವರೆ ಹೇಳ್ರಿ. ಫೋನಿನ್ಯಾಗ ನಿಮಗ ಹೇಳಿದ್ದೆನಲ್ಲಾ."

ಪದ್ಮ ನನ್ನನ್ನು ನೋಡಿದಳು. ನಾನು ಅಧ್ಯಕ್ಷರನ್ನು ನೋಡಿ, "ಇದು ಸಂಘದ ವಿಷಯ. ಇದರಲ್ಲಿ ಮನೆಯವರನ್ನು ಎಳೆಯೋದು ಸಭ್ಯತೆ ಅಲ್ಲ" ಎಂದೆ. ಅರ್ಧ ನಿಮಿಷದ ಹಿಂದೆ ಅವರ ಮನೆಯವರನ್ನು ನಾನೇ ಎಳೆದಿದ್ದೆ. ಅದು ಯಾರಿಗೂ ಕಾಣಲಿಲ್ಲ. ಪದ್ಮ ತಲೆ ತಗ್ಗಿಸಿ ಮಡಿಲಲ್ಲಿದ್ದ ಕೈಚೀಲದ ಗುಂಡಿ ಹಾಕಿದಳು, ತೆಗೆದಳು.

ಸುಶೀಲಾಬಾಯಿ ಆಕೆಯನ್ನು ಒಂದಷ್ಟು ಹೊತ್ತು ನೋಡಿ ಕೂತುಬಿಟ್ಟರು. ಅವರ ಸ್ಥಾನ ತೆರವಾಗಿದೆ ಎಂಬ ಠರಾವು ಪಾಸಾಯಿತು.

ಮನೆಗೆ ಬಂದ ಮೇಲೆ ಪದ್ಮ ಸಾರಿಗೆ ಒಗ್ಗರಣೆ ಹಾಕುತ್ತ, ನನ್ನ ಕಡೆ ತಿರುಗದೆ, "ಫೋನ್ ತೊಗೊಂಡಿದ್ದು ನಾನು" ಎಂದಳು.

"ಹಾಗಿದ್ರೆ ಅಲ್ಲೇ ಎದ್ದು ಹೇಳ್ಬೇಕಿತ್ತು" ಎಂದೆ.

ಅಂದಿನಿಂದ ಪದ್ಮ ನನ್ನ ಪರವಾಗಿ ಯಾರ ಸಂದೇಶವನ್ನೂ ತೆಗೆದುಕೊಂಡಿಲ್ಲ. ಫೋನು ಬಂದರೆ, "ಇದ್ದಾರೆ, ಕರೀತೀನಿ" ಅಥವಾ "ಇಲ್ಲ, ಆಮೇಲೆ ಮಾಡಿ" ಎರಡೇ ಮಾತು. ಈಗಲೂ ಹಾಗೆಯೇ.

ತರಗತಿಯನ್ನು ನಾನು ನಡೆಸಿದೆ. ಹತ್ತಕ್ಕೆ ಗಂಟೆ, ಹಾಜರಿ, ಕಾಗುಣಿತ, ತಿಂಗಳಿಗೊಂದು ಪರೀಕ್ಷೆ. ತಡವಾಗಿ ಬಂದ ಮಗುವನ್ನು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಇಪ್ಪತ್ತೆರಡು ಹೆಸರು ದೀಪಾವಳಿಗೆ ಹನ್ನೊಂದಾಯಿತು, ಬೇಸಿಗೆಗೆ ನಾಲ್ಕು. ಆಮೇಲೆ ಒಂದು ಭಾನುವಾರ ನಾನೊಬ್ಬನೇ ಹತ್ತಕ್ಕೆ ಗಂಟೆ ಹೊಡೆದು, ಹನ್ನೆರಡರವರೆಗೆ ಕೂತಿದ್ದು, ಬೀಗ ಹಾಕಿದೆ. ವಾರ್ಷಿಕ ವರದಿಯಲ್ಲಿ "ಪೋಷಕರ ನಿರಾಸಕ್ತಿಯಿಂದ ತರಗತಿಯನ್ನು ನಿಲ್ಲಿಸಬೇಕಾಯಿತು" ಎಂದು ಬರೆದೆ. ಅದೂ ಒಪ್ಪಿಗೆಯಾಯಿತು.

ಸುಶೀಲಾಬಾಯಿ ಸಂಘಕ್ಕೆ ಮತ್ತೆ ಬರಲಿಲ್ಲ. ಭಾನುವಾರ ಬೆಳಗ್ಗೆ ಕೋಕಿಲಾಬೆನ್ ಮೊದಲ ಕೆಲವು ವಾರ ತಾವಾಗಿ ಬಂದು ಕೂರುತ್ತಿದ್ದರಂತೆ, "ಜಾವೋ ಬೆನ್, ಹೋಗಿ ಬನ್ನಿ" ಎನ್ನುತ್ತಿದ್ದರಂತೆ. ಹೋಗಲು ಜಾಗವಿಲ್ಲದೆ ಈಕೆ ಅಲ್ಲೇ ಅವರ ಜೊತೆ ಕೂರುತ್ತಿದ್ದರು. ಇದನ್ನು ನನಗೆ ಬೇರೆಯವರು ಹೇಳಿದ್ದು. ಎರಡು ವರ್ಷ ಹಾಸಿಗೆಯಲ್ಲಿದ್ದು ವಾಮನರಾಯರು ತೀರಿಕೊಂಡರು. ನಾನು ಹೋಗಲಿಲ್ಲ. ಆಕೆ ಮನೆ ಬಿಟ್ಟು ಸೂರತ್ತಿಗೆ, ಉಧ್ನಾದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ತಮ್ಮನ ಮನೆಗೆ ಹೋದರು.

ಅದಾಗಿ ಐದು ತಿಂಗಳಿಗೆ ಕಚೇರಿಯ ಕೆಲಸವೊಂದು ನನ್ನನ್ನು ಸೂರತ್ತಿನ ವರಾಛಾಕ್ಕೆ ಕರೆದೊಯ್ದಿತು. ಎಣಿಸಿದ್ದಕ್ಕಿಂತ ಬೇಗ ಮುಗಿಯಿತು. ರೈಲಿಗೆ ಮೂರು ಗಂಟೆ ಇತ್ತು. ತಪ್ಪೊಪ್ಪಿಕೊಳ್ಳಲು ಹೋದೆ ಎಂದು ಬರೆದರೆ ಅದೂ ಸುಳ್ಳೇ. ಸತ್ತವರ ಮನೆಗೆ ಒಮ್ಮೆ ಹೋಗಿ ಬರುವುದು ರೂಢಿ, ಬಾಕಿ ಉಳಿದ ಕೆಲಸ ನನಗೆ ಸಹಿಸಲಾಗುವುದಿಲ್ಲ, ಅದಕ್ಕೆ ಉಧ್ನಾಕ್ಕೆ ಹೋದೆ.

ಬಾಗಿಲು ತೆರೆದವರು ಅವರೇ. ಸೊರಗಿದ್ದರು. "ಬರ್ರಿ ರಾಯರ, ಬರ್ರಿ" ಎಂದು, ಎಂದಿನಂತೆ ಚಹಾಕ್ಕೆ ಇಟ್ಟರು. ವಾಮನರಾಯರ ಕೊನೆಯ ದಿನಗಳನ್ನು ಹೇಳಿದರು. ನಾನು ಲೊಚಗುಟ್ಟಿದೆ. ಸೂರತ್ತಿನಲ್ಲೂ ಕನ್ನಡದ ಮನೆಗಳಿವೆಯಲ್ಲ, ಮಕ್ಕಳಿಗೆ ಹೇಳಿಕೊಡುತ್ತೀರಾ ಎಂದು ಮಾತಿಗೆ ಕೇಳಿದೆ.

"ಕೇಳ್ಯಾರ್ರಿ. ಮನೀಗೇ ಬಂದು ಕೇಳ್ಯಾರ. ನಾ ಒಲ್ಲೆ ಅಂದೆ. ಹುಡುಗ್ರಿಗೆ ತಪ್ಪು ಕಲಿಸಿಬಿಟ್ರ? ನನ್ನ ತಲಿ ಮೊದಲಿನ್ಹಂಗ ಇಲ್ಲ." ಆಮೇಲೆ ನನ್ನನ್ನು ನೇರ ನೋಡಿದರು. "ಆವತ್ತು ಮಂದಿ ಮುಂದ ನಿಮ್ಮ ಮ್ಯಾಲ ಇಲ್ಲದ್ದು ಹೊರಿಸಿದೆ. ತಪ್ಪಾತ್ರೀ ರಾಯರ. ನಂಗ ಖರೇನ ಹೇಳಿದಂಗ ನೆನಪಿತ್ತು. ನೀವು ಹೇಳಿಲ್ಲ ಅಂದಾಗ ಸಿಟ್ಟ ಬಂತು. ಆದ್ರ ಪದ್ಮಾನೂ ಸುಮ್ಮ ಕೂತರು ನೋಡ್ರಿ — ಅವರು ಸುಳ್ಳಿನ ಹೆಣ್ಣಮಗಳಲ್ಲ. ಹಂಗಾದ್ರ ನಾ ಫೋನು ಮಾಡೇ ಇಲ್ಲ ಅಂತಾತು. ಮಾಡಬೇಕು ಮಾಡಬೇಕು ಅಂದುಕೊಂಡು, ಮಾಡೀನಿ ಅಂತ ತಿಳಕೊಂಡೀನಿ. ಆಗ ಇವರ ಗದ್ದಲದಾಗ ಹಗಲೋ ರಾತ್ರಿಯೋ ತಿಳೀತಿರಲಿಲ್ಲ."

ಮೇಜಿನ ಮೇಲಿಂದ ಒಂದು ಪುಟ್ಟ ಡೈರಿ ತಂದರು. "ಈಗ ಎಲ್ಲಾ ಬರೆದಿಡ್ತೀನಿ. ನಿಮ್ಮನ್ನ ನೋಡಿ ಕಲ್ತೆ."

ತೆರೆದು ನೋಡಿದೆ. ಹಾಲಿನವನಿಗೆ ನಾಳೆ ಬೇಡ ಎಂದು ಹೇಳಿದೆ, ಏಳು ಹತ್ತು. ತಮ್ಮನಿಗೆ ಕರೆಂಟು ಬಿಲ್ಲು ಬಂದಿದೆ ಎಂದು ಹೇಳಿದೆ, ಎಂಟು ಐದು. ಪಕ್ಕದವರಿಗೆ ಬಟ್ಟೆ ಹಾರಿಬಿದ್ದಿದೆ ಎಂದು ಹೇಳಿದೆ, ಹನ್ನೊಂದು. ಪುಟದ ಮೇಲೆ ಪುಟ, ಬರೀ ಇವು. ಮಕ್ಕಳಿಗೆ ಕಾಗೆಯ ಬೆನ್ನ ಮೇಲೆ ಕಥೆ ಕಟ್ಟುತ್ತಿದ್ದ ಹೆಂಗಸು, ತಾನು ಬಾಯಿ ಬಿಟ್ಟು ಆಡಿದ ಒಂದೊಂದು ಮಾತಿಗೂ ಹೊತ್ತು ಗುರುತು ಹಾಕಿ ಇಟ್ಟುಕೊಂಡಿದ್ದರು. ತನ್ನನ್ನು ತಾನೇ ನಂಬಲಾರದೆ.

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು. ಕೋಣೆಯಲ್ಲಿ ನಾವಿಬ್ಬರೇ. ಒಂದು ವಾಕ್ಯ ಸಾಕಾಗಿತ್ತು.

"ಒಳ್ಳೆ ಅಭ್ಯಾಸ" ಎಂದೆ. ಡೈರಿ ಮುಚ್ಚಿ ಕೊಟ್ಟೆ. "ಆಗಿದ್ದು ಆಯ್ತು ಬಿಡಿ ಸುಶೀಲಾಬಾಯಿ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ."

ಅವರ ಮುಖ ಹಗುರವಾಯಿತು. ನನ್ನ ಕ್ಷಮೆ ಸಿಕ್ಕಿತಲ್ಲ ಎಂದು. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು. ನಾನು ಹೊತ್ತಿಗೆ ಸರಿಯಾಗಿ ಸ್ಟೇಷನ್ನು ಸೇರಿದೆ.

ಆ ಸಭೆಯಲ್ಲಿ ಅವರಿಂದ ಕಿತ್ತುಕೊಂಡಿದ್ದು ಭಾನುವಾರದ ಎರಡು ಗಂಟೆ. ಉಧ್ನಾದಲ್ಲಿ ಅವರ ತಲೆಯನ್ನೇ ಕಿತ್ತುಕೊಂಡು ಬಂದೆ. ಮೊದಲನೆಯದಕ್ಕೆ ನಗು ಕಾರಣ ಎಂದೆ. ಎರಡನೆಯದಕ್ಕೆ ಏನು ಕಾರಣ? ನನ್ನ ಹೆಸರು ಕೆಡದಿರಲಿ ಎಂದೇ? ಅಲ್ಲಿ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲವಲ್ಲ. ಅವರು ತಪ್ಪು ಒಪ್ಪಿಕೊಂಡದ್ದು ನನಗೆ ಹಿತವಾಗಿತ್ತು — ಉತ್ತರ ಇಷ್ಟೇ ಇರಬೇಕು. ಇದಕ್ಕಿಂತ ಆಳಕ್ಕೆ ಇಳಿಯಲು ಆಗಿಲ್ಲ.

ವರ್ಷಗಳು ಕಳೆದವು ಎಂದು ಬರೆದು ಜಾರಿಕೊಳ್ಳುವುದಿಲ್ಲ. ಪ್ರತಿ ವರ್ಷವೂ ಹೇಳಬಹುದಾಗಿತ್ತು, ಪ್ರತಿ ವರ್ಷವೂ ಹೇಳಲಿಲ್ಲ. ಈಗ ನನಗೆ ಎಂಬತ್ತು ದಾಟಿದೆ. ಸುಶೀಲಾಬಾಯಿ ಇದ್ದಾರೆ, ಸೂರತ್ತಿನಲ್ಲೇ, ತಮ್ಮನ ಮಗಳ ಜೊತೆ. ಕಣ್ಣು ಮಂಜಾಗಿದೆಯಂತೆ. ಡೈರಿ ಬರೆಯುವುದನ್ನು ಮಾತ್ರ ಬಿಟ್ಟಿಲ್ಲವಂತೆ, ದೊಡ್ಡ ಅಕ್ಷರದಲ್ಲಿ ಬರೆಯುತ್ತಾರಂತೆ.

ಸಂಘದ ಪತ್ರಿಕೆಗೆ ಹಳೆಯ ಕಾರ್ಯದರ್ಶಿಯ ನೆನಪು ಬರೆದುಕೊಡಿ ಎಂದು ಕೇಳಿದ್ದಾರೆ. ಇದೇ ಅದು. ಪದ್ಮಳಿಗೆ ಮೊದಲು ಓದಲು ಕೊಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತೇ ಓದಿದಳು. "ಜನರ ಮುಂದೆ ಬಾಯಿಬಿಟ್ಟು ಹೇಳಿದ ಸುಳ್ಳು. ಕಾಗದದಲ್ಲಿ ಹೋಗುತ್ತಾ?" ಎಂದಳು. ಸರಿ ಎನಿಸಿತು. ಈ ವರ್ಷದ ಸರ್ವಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ, ಆ ಮೂರು ನಡಾವಳಿಗಳು ಸುಳ್ಳೆಂದು ದಾಖಲಿಸಲು ಠರಾವು ಮಂಡಿಸುತ್ತೇನೆ. ಆಗಿನವರು ಈಗ ಹೆಚ್ಚು ಜನ ಇಲ್ಲ. ಇರುವವರು ಕೇಳಲಿ.

ಅದಕ್ಕೂ ಮೊದಲು ಈ ಬುಧವಾರ ಬೆಳಗಿನ ರೈಲಿಗೆ ಸೂರತ್ತಿಗೆ ಹೋಗುತ್ತಿದ್ದೇನೆ. "ನಾನೂ ಬರ್ತೀನಿ. ನನ್ನದೂ ಒಂದಿದೆ" ಎಂದಿದ್ದಾಳೆ ಪದ್ಮ. ಈ ಬರಹವನ್ನು ಅವರಿಗೆ ಓದಿ ಹೇಳುತ್ತೇನೆ, ನನಗೆ ಸಂತೋಷವಾಗಿತ್ತು ಎಂಬ ವಾಕ್ಯವನ್ನೂ ಬಿಡದೆ. ಅವರು ಎದ್ದು ಒಳಗೆ ಹೋದರೆ ಹೊರಗೆ ಕೂತೇ ಓದಿ ಮುಗಿಸುತ್ತೇನೆ. ಅವರ ನೆನಪಿನಲ್ಲಿ ಏನೂ ತಪ್ಪಿರಲಿಲ್ಲ ಎಂಬುದು ಅವರಿಗೆ ಕೇಳಿಸಬೇಕು, ಅಷ್ಟೆ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅವರು ಕೊಟ್ಟುಬಿಡುತ್ತಾರೆ.